ಮದ್ದುಗುಂಡಿನ ಸೀಮೆಯಲ್ಲಿ ಎರಡು ದಿನ

ಪ್ರವಾಸಕ್ಕೆ ಹೊರಡುವವರು ಸಾಮಾನ್ಯವಾಗಿ ದೇವರ ದರ್ಶನಕ್ಕೋ ನೆಂಟರ ಮನೆಗೋ ಹೊರಡುವರು. ನಾವು ಈ ಸಲ ಹೊರಟದ್ದು ಒಂದು ಮನೆಯ ವ್ಯಾಜ್ಯವನ್ನು ಬಗೆಹರಿಸುವುದಕ್ಕಾಗಿ. ನಮ್ಮ ಅಣ್ಣನವರ ಮಗನು ಇಪ್ಪತ್ತೆರಡು ವರ್ಷದ ತರುಣ. ಮೂರು ವರ್ಷಗಳಿಂದ ಪಿಸ್ತೂಲಿನ ಗುರಿಪಂದ್ಯಗಳಲ್ಲಿ ಸೇರುತ್ತಿರುವನು. ಇದುವರೆಗೆ ಅವನ ಕೈಯಲ್ಲಿದ್ದುದು ಗಾಳಿಯ ಪಿಸ್ತೂಲು. ಈಗ ಮದ್ದಿನ ಪಿಸ್ತೂಲು ಬೇಕೆನ್ನುತ್ತಾನೆ. ಅದರ ತೋಟೆಗಳನ್ನು ತಾನೇ ತುಂಬಿಕೊಳ್ಳುವ ವಿದ್ಯೆಯನ್ನೂ ಕಲಿಯಬೇಕೆನ್ನುತ್ತಾನೆ. 'ನಾನು ಬದುಕಿರುವ ತನಕ ಮನೆಯೊಳಗೆ ಮದ್ದು ಬರಕೂಡದು' ಎಂದು ಅಣ್ಣನವರ ಹಟ. ತಂದೆ ಮಕ್ಕಳ ನಡುವೆ ಮಾತು ನಿಂತು ಹದಿನೈದು ದಿನಗಳಾಗಿದ್ದವು. 'ನೀನಾದರೂ ಅವನಿಗೆ ಬುದ್ಧಿ ಹೇಳು' ಎಂದು ಅಣ್ಣನವರು ನಮಗೆ ಬರೆದರು. ಮನೆಯಲ್ಲಿ ಕುಳಿತು ಹೇಳಿದ ಬುದ್ಧಿ ಮನೆಯ ಗೋಡೆಗೆ ತಾಗಿ ಬೀಳುವುದೆಂದು ತಿಳಿದು, ಹುಡುಗನನ್ನು ಜೊತೆಗೆ ಕರೆದುಕೊಂಡು ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ದಾರಿ ಹಿಡಿದೆವು. ಬೆಳಗಾವಿ ಜಿಲ್ಲೆಯ ಈ ಸೀಮೆಯಷ್ಟು ಮದ್ದುಗುಂಡಿನ ಪಾಠವನ್ನು ಕಲಿತ ನೆಲ ಕನ್ನಡ ನಾಡಿನಲ್ಲಿ ವಿರಳ.

ಧಾರವಾಡದಿಂದ ಬೆಳಗಾವಿಯ ಹೆದ್ದಾರಿಯಲ್ಲಿ ಸಾಗಿದರೆ ಕಿತ್ತೂರು ಬಹು ದೂರವಲ್ಲ. ಕೋಟೆಯ ಕಂದಕ, ಕುಸಿದ ಗೋಡೆಗಳು, ಅವುಗಳ ನಡುವೆ ಅರಮನೆಯ ಅವಶೇಷ. ಪಕ್ಕದಲ್ಲಿ ಸರಕಾರದ ವಸ್ತುಸಂಗ್ರಹಾಲಯ. ಅರಮನೆಯ ಗೋಡೆಯಲ್ಲಿ ಧ್ರುವ ನಕ್ಷತ್ರವನ್ನು ನೋಡುವುದಕ್ಕಾಗಿ ಮಾಡಿದ್ದೆಂದು ತೋರಿಸುವ ದುಂಡನೆಯ ಕಿಂಡಿಯೊಂದುಂಟು. ಹುಡುಗನು ಅದಕ್ಕೆ ಕಣ್ಣು ಹಚ್ಚಿ ಬಹಳ ಹೊತ್ತು ನಿಂತನು. 'ಕಾಕಾ, ಅಲುಗದ ಗುರಿಗೆ ಅಲುಗದ ನಳಿಗೆ! ನಮ್ಮ ಪಂದ್ಯದಲ್ಲಿಯೂ ಬೇಕಾದದ್ದು ಇಷ್ಟೇ' ಎಂದನು. ಇಷ್ಟೇ ಸಾಕಾಗುವುದಾಗಿದ್ದರೆ ಕಿತ್ತೂರು ಬೀಳುತ್ತಿರಲಿಲ್ಲವೆಂದು ನಾವು ಹೇಳಿದೆವು.

ಕಥೆಯು ವಾಚಕರಿಗೆ ಗೊತ್ತಿದ್ದದ್ದೇ. ೧೮೨೪ನೆಯ ಸೆಪ್ಟೆಂಬರಿನಲ್ಲಿ ದೇಸಾಯಿ ಶಿವಲಿಂಗ ರುದ್ರಸರ್ಜನು ಮಕ್ಕಳಿಲ್ಲದೆ ತೀರಿಕೊಂಡನು. ದತ್ತಕವನ್ನು ಕುಂಪಣಿಯವರು ಒಪ್ಪಲಿಲ್ಲ. ಧಾರವಾಡದ ಕಲೆಕ್ಟರ್ ಥ್ಯಾಕರೆಯು ಸೈನ್ಯ ತೋಪುಗಳೊಡನೆ ಬಂದು ಕೋಟೆಯ ಬಾಗಿಲನ್ನು ತೆರೆಯಬೇಕೆಂದು ಗಡುವು ಕೊಟ್ಟನು. ಅಕ್ಟೋಬರ್ ೨೩ರಂದು ಬಾಗಿಲು ತೆರೆಯಿತು. ಆದರೆ ಹೊರಗೆ ಬಂದದ್ದು ಶರಣಾಗತಿಯಲ್ಲ, ರಾಣಿ ಚೆನ್ನಮ್ಮನ ದಂಡು. ಥ್ಯಾಕರೆಯು ಅಲ್ಲಿಯೇ ಸತ್ತನು. ಅವನನ್ನು ಕೆಡವಿದ ಗುಂಡು ಅಮಟೂರಿನ ಬಾಳಪ್ಪನದೆಂದು ಈ ಸೀಮೆಯ ಮಕ್ಕಳಿಗೂ ಗೊತ್ತು.

ಹುಡುಗನಿಗೆ ಬಾಳಪ್ಪನ ಬಂದೂಕಿನ ಮೇಲೆಯೇ ಆಸಕ್ತಿ. ಆ ಕಾಲದಲ್ಲಿ ನಮ್ಮ ದೇಶದವರ ಕೈಯಲ್ಲಿ ಹೆಚ್ಚಾಗಿ ಇದ್ದುದು ಬತ್ತಿಯ ಬಂದೂಕು. ನಳಿಗೆಯ ಬಾಯಿಂದ ಮದ್ದು ಸುರಿದು, ಗುಂಡು ಇಳಿಸಿ, ಗಜದಿಂದ ಜಡಿದು ಬಾರು ಮಾಡಬೇಕು; ಕಿವಿಯಲ್ಲಿ ರಂಜಕ ಇಟ್ಟು ಉರಿಯುವ ಬತ್ತಿಯನ್ನು ಮುಟ್ಟಿಸಬೇಕು. ಕುಂಪಣಿಯ ಸಿಪಾಯಿಯದು ಚಕಮಕಿ ಕಲ್ಲಿನ ಬಂದೂಕು. ಅದರ ನಳಿಗೆಯ ಒಳವ್ಯಾಸ ಸುಮಾರು ೧೯ ಮಿ.ಮೀ.; ಅದರೊಳಗೆ ಹಾಕುವ ಗುಂಡು ಸುಮಾರು ೧೭.೫ ಮಿ.ಮೀ. ಬೇಗ ಬೇಗ ಬಾರು ಮಾಡಲಿಕ್ಕೆ ಬರಲೆಂದು ಗುಂಡನ್ನು ಬೇಕೆಂದೇ ಸಣ್ಣದು ಮಾಡಿದ್ದರು. ಹೀಗೆ ಸಡಿಲವಾದ ಗುಂಡು ನಳಿಗೆಯೊಳಗೆ ಅತ್ತಿತ್ತ ಬಡಿಯುತ್ತ ಹೊರಗೆ ಬಂದು ತನಗೆ ತೋಚಿದ ಕಡೆಗೆ ಹೋಗುವುದು. ಸಾಲಾಗಿ ನಿಂತು ಒಮ್ಮೆಲೇ ಹಾರಿಸುವವರಿಗೆ ಇದರಿಂದ ಬಾಧಕವಿಲ್ಲ. ಒಬ್ಬನನ್ನೇ ಗುರಿಯಿಟ್ಟು ಹೊಡೆಯುವವನಿಗೆ ನಳಿಗೆಗೆ ಒಪ್ಪುವ ಗುಂಡೇ ಬೇಕು. ಬೋರನ್ನು ಆರಿಸುವ ಮಾತಿನ ಮೂಲವೇ ಇದು: ನಳಿಗೆಗೂ ಗುಂಡಿಗೂ ಇರುವ ಹೊಂದಿಕೆ. ಹಿಂದೆ ಈ ಅಳತೆಯನ್ನು ತೂಕದಿಂದಲೇ ಹೇಳುತ್ತಿದ್ದರು. ಒಂದು ಪೌಂಡು ಸೀಸದಲ್ಲಿ ಸಮನಾದ ಹನ್ನೆರಡು ಗುಂಡುಗಳಾದರೆ, ಆ ಗುಂಡು ಹಿಡಿಯುವ ನಳಿಗೆಗೆ ಹನ್ನೆರಡರ ಬೋರು ಎಂದು ಹೆಸರು. ಇಂದಿಗೂ ನಮ್ಮ ರೈತರ ಬೇಟೆಕೋವಿಗೆ ಆ ಹೆಸರೇ ನಿಂತಿದೆ.

ಆದರೆ ಕಿತ್ತೂರಿನ ಜನ ಹೇಳುವ ಕಥೆ ಬಾಳಪ್ಪನ ಗುಂಡಿನೊಡನೆ ಮುಗಿಯುವುದಿಲ್ಲ. ಕುಂಪಣಿಯವರು ದೊಡ್ಡ ದಂಡಿನೊಡನೆ ಮರಳಿ ಬಂದು ಮುತ್ತಿಗೆ ಹಾಕಿದರು. ಡಿಸೆಂಬರ್ ಮೊದಲ ವಾರದಲ್ಲಿ ಕೋಟೆ ಕೈಬಿಟ್ಟಿತು. ಮಲ್ಲಪ್ಪ ಶೆಟ್ಟಿ, ವೆಂಕಟರಾಯರೆಂಬ ಒಳಗಿನವರು ಮದ್ದಿನಲ್ಲಿ ಮಣ್ಣು ಸಗಣಿಗಳನ್ನು ಬೆರೆಸಿದ್ದರಿಂದ ತೋಪುಗಳು ಕೆಟ್ಟವೆಂದು ಜನರ ಮಾತು. ಮುತ್ತಿಗೆ ಹಾಕಿದವರ ತೋಪುಗಳೂ ಜನಬಲವೂ ಸೋಲಿಗೆ ಸಾಕಷ್ಟು ಕಾರಣವೇ ಸರಿ. ಹಾಗಿದ್ದೂ ಜನರು ಎರಡು ನೂರು ವರ್ಷಗಳಿಂದ ಮದ್ದಿನ ಮಾತನ್ನೇ ಏಕೆ ಹಿಡಿದುಕೊಂಡಿದ್ದಾರೆ?

ಮದ್ದೆಂಬುದು ಪೆಟ್ಲುಪ್ಪು, ಗಂಧಕ, ಇದ್ದಲು ಇವುಗಳ ಮಿಶ್ರಣ. ಉರಿಗೆ ಬೇಕಾದ ಪ್ರಾಣವಾಯುವನ್ನು ಪೆಟ್ಲುಪ್ಪು ತನ್ನೊಳಗಿಂದಲೇ ಕೊಡುವುದರಿಂದ, ಗಾಳಿಯಿಲ್ಲದ ನಳಿಗೆಯೊಳಗೂ ಅದು ಕ್ಷಣಾರ್ಧದಲ್ಲಿ ಉರಿದು ಹೊಗೆಯಾಗಿ ಹಿಗ್ಗುವುದು. ತೇವ ಸೋಕಿದರೂ, ಅನ್ಯವಸ್ತು ಸೇರಿದರೂ ಉರಿ ಮಂದವಾಗುವುದು. ಗುಂಡು ಅರ್ಧ ದಾರಿಯಲ್ಲಿ ಬೀಳುವುದು. ಬಂದೂಕು ಕೆಟ್ಟರೆ ಕಣ್ಣಿಗೆ ಕಾಣುವುದು. ಗುಂಡು ಡೊಂಕಾದರೆ ಬೆರಳಿಗೆ ತಿಳಿಯುವುದು. ಮದ್ದು ಕೆಟ್ಟದ್ದು ಮಾತ್ರ ಹೊಡೆಯುವವನಿಗೆ ಕೊನೆಯ ಗಳಿಗೆಯ ತನಕ ಗೊತ್ತಾಗುವಂತಿಲ್ಲ. ಅವನು ಬೆನ್ನ ಹಿಂದೆ ಮದ್ದು ಅಳೆದವನನ್ನು ನಂಬಿಯೇ ಗುರಿಯಿಡಬೇಕು. ಜನರು ಮರೆಯದೆ ಇಟ್ಟುಕೊಂಡದ್ದು ಆ ನಂಬಿಕೆ ಕೆಟ್ಟ ಕಥೆಯನ್ನು. ಹುಡುಗನು ಇದಕ್ಕೆ ಉತ್ತರ ಕೊಡಲಿಲ್ಲ. ಕೋಟೆಯ ಬಾಗಿಲು ದಾಟುವ ತನಕ ಮೌನವಾಗಿಯೇ ನಡೆದನು.

ಸಂಜೆಗೆ ಬೈಲಹೊಂಗಲ ಸೇರಿದೆವು. ಕರಿಯ ಎರೆಯ ಹೊಲಗಳ, ಹತ್ತಿಯ ಪೇಟೆಯ ಊರು. ಚೆನ್ನಮ್ಮರಾಣಿಯನ್ನು ಸೆರೆಯಲ್ಲಿಟ್ಟದ್ದು ಇಲ್ಲಿ. ಅವಳು ೧೮೨೯ರ ಫೆಬ್ರವರಿಯಲ್ಲಿ ಕಣ್ಣು ಮುಚ್ಚಿದ್ದೂ ಇಲ್ಲಿಯೇ. ಸಮಾಧಿಯ ಮುಂದೆ ಶಾಲೆಯ ಮಕ್ಕಳು ಸಾಲಾಗಿ ನಿಂತು ಕೈಮುಗಿಯುತ್ತಿದ್ದರು. ಅವಳ ಬಳಿಕವೂ ಹೋರಾಡಿದ ರಾಯಣ್ಣನ ಸಂಗೊಳ್ಳಿಯು ಇದೇ ತಾಲೂಕಿನದು. ಅವನನ್ನೂ ಹಿಡಿದುಕೊಟ್ಟವರು ಹೊರಗಿನವರಲ್ಲವೆಂದು ಜನ ನೊಂದು ಹೇಳುವರು; ೧೮೩೧ರ ಜನವರಿಯಲ್ಲಿ ನಂದಗಡದಲ್ಲಿ ಅವನು ಗಲ್ಲಿಗೇರಿದನು.

ರಾತ್ರಿ ಖಾನಾವಳಿಯಲ್ಲಿ ಊಟಕ್ಕೆ ಕುಳಿತಾಗ 'ಈಗ ನಿನ್ನ ವಾದವನ್ನು ಹೇಳು' ಎಂದೆವು. ಹುಡುಗನು ಯಜಮಾನನಿಂದ ಕಾಳುಗಳನ್ನು ಬೇಡಿ ತಂದು ಮೇಜಿನ ಮೇಲಿಟ್ಟನು. ಜೋಳದ ಕಾಳು ಗಾಳಿಯ ಪಿಸ್ತೂಲಿನ ಗುಂಡು: ೪.೫ ಮಿ.ಮೀ., ಹತ್ತು ಮೀಟರಿನ ಪಂದ್ಯ. ೨೦೨೪ರ ಪ್ಯಾರಿಸ್ ಒಲಿಂಪಿಕ್‌ನಲ್ಲಿ ಮನು ಭಾಕರಳು ಕಂಚು ಗೆದ್ದದ್ದು ಇದರಲ್ಲಿಯೇ. ತೊಗರಿಯ ಕಾಳು .೨೨ರ ಗುಂಡು: ೫.೬ ಮಿ.ಮೀ., ೨೫ ಮತ್ತು ೫೦ ಮೀಟರಿನವು. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪನವರು ೨೦೧೬ರಲ್ಲಿ ರಿಯೋ ನಗರದಲ್ಲಿ ೫೦ ಮೀಟರಿನ ಪಂದ್ಯಕ್ಕೆ ಇಳಿದದ್ದು ಇದರಿಂದ. ಕಡಲೆಯ ಕಾಳು .೩೨ರ ಗುಂಡು, ದೊಡ್ಡ ಬೋರಿನ ೨೫ ಮೀಟರ್ ಪಂದ್ಯಕ್ಕೆ. ಆ ಪಂದ್ಯದಲ್ಲಿ ೭.೬೨ರಿಂದ ೯.೬೫ ಮಿ.ಮೀ.ವರೆಗಿನ ನಳಿಗೆಗಳಿಗೆ ಎಡೆಯುಂಟು. ಒಲಿಂಪಿಕ್‌ನಲ್ಲಿ ಇದು ಇಲ್ಲದಿದ್ದರೂ ಜಾಗತಿಕ ಸ್ಪರ್ಧೆಗಳಲ್ಲಿ ಇದೆ. ಅವನ ಮನಸ್ಸು ಕಡಲೆಯ ಮೇಲೆ.

'ದೊಡ್ಡ ಗುಂಡು ಹೆಚ್ಚು ನೇರವಾಗಿ ಹೋಗುವುದೇ?' ಎಂದು ಕೇಳಿದೆವು.

'ಹಾಗೇನಿಲ್ಲ ಕಾಕಾ. ಕಾಗದದಲ್ಲಿ ದೊಡ್ಡ ತೂತು ಬೀಳುವುದರಿಂದ ಒಳಗಿನ ಗೆರೆಯನ್ನು ಮುಟ್ಟುವ ಸಂಭವ ಕೂದಲಷ್ಟು ಹೆಚ್ಚು. ಆದರೆ ಒದೆತವೂ ಹೆಚ್ಚು. ಕೈ ಬೆದರಿದರೆ ಆ ಕೂದಲಿನ ಲಾಭ ಅಂಗೈಯಷ್ಟು ನಷ್ಟವಾಗುವುದು' ಎಂದು ಪ್ರಾಮಾಣಿಕವಾಗಿಯೇ ಒಪ್ಪಿಕೊಂಡನು.

ತೋಟೆ ತುಂಬುವ ವಿಷಯಕ್ಕೆ ಬಂದಾಗ ಅವನ ಕಣ್ಣು ಹೊಳೆಯಿತು. .೨೨ರ ತೋಟೆಯಲ್ಲಿ ಕಿಡಿಯ ಮಸಾಲೆಯು ತಳದ ಅಂಚಿನೊಳಗೆ ಇರುವುದು. ಪಿಸ್ತೂಲಿನ ಮೊಳೆಯು ಆ ಅಂಚನ್ನೇ ಜಜ್ಜುವುದರಿಂದ ಒಮ್ಮೆ ಹಾರಿಸಿದ ಮೇಲೆ ಅದು ಕಸ. ದೊಡ್ಡ ತೋಟೆಯಲ್ಲಿ ಕಿಡಿಯ ಟೋಪಿಯು ತಳದ ನಡುವೆ ಬೇರೆಯಾಗಿ ಕುಳಿತಿರುವುದು. ಹಾರಿಸಿದ ಮೇಲೆ ಹಿತ್ತಾಳೆಯ ಕೋಶ ಉಳಿಯುವುದು. ಹಳೆಯ ಟೋಪಿ ತೆಗೆದು, ಹಿಗ್ಗಿದ ಕೋಶವನ್ನು ಅಳತೆಗೆ ತಂದು, ಹೊಸ ಟೋಪಿ, ಮದ್ದು, ಗುಂಡು ಕೂಡಿಸಬಹುದು. ಮದ್ದಿನ ತೂಕಕ್ಕೆ ಗ್ರೇನೆಂಬ ಅಳತೆ. ಒಂದು ಗ್ರೇನೆಂದರೆ ನಮ್ಮ ಅಕ್ಕಸಾಲಿಗರ ಗುಲಗಂಜಿಯ ಸುಮಾರು ಅರ್ಧ ತೂಕ. ಪಿಸ್ತೂಲಿನ ತೋಟೆಗೆ ಇಂಥ ಕೆಲವೇ ಗ್ರೇನುಗಳು. ಎಲ್ಲ ತೋಟೆಗಳಲ್ಲಿಯೂ ಅದೇ ತೂಕವಿದ್ದರೆ ಅರವತ್ತು ಗುಂಡುಗಳೂ ಒಂದೇ ಬಗೆಯಾಗಿ ಹೋಗುವವು. ತನ್ನ ಕೈಗೆ ಒಗ್ಗುವಂತೆ ಒದೆತವನ್ನು ಮೆದುವಾಗಿಸಲೂ ಬರುವುದು. ಮರೆತು ಎರಡು ಸಲ ಮದ್ದು ಹಾಕಿದರೆ?

'ಪಿಸ್ತೂಲು ಕೈಯಲ್ಲಿಯೇ ಒಡೆಯಬಹುದು' ಎಂದನು ಹುಡುಗ, ತಗ್ಗಿದ ದನಿಯಲ್ಲಿ. ಅಣ್ಣನವರ ಭಯವು ಬರಿಯ ಹಟವಲ್ಲವೆಂದು ಅವನೇ ಒಪ್ಪಿಕೊಂಡಂತಾಯಿತು. ನಾವು ಏನೂ ಹೇಳದೆ ರೊಟ್ಟಿ ಮುರಿದೆವು.

ಮರುದಿನ ಸವದತ್ತಿ. ಊರೊಳಗೆ ಸಿರಸಂಗಿಯ ದೇಸಾಯರು ಕಟ್ಟಿಸಿದ ಕೋಟೆ, ಚಿತ್ತಾರದ ಕೆತ್ತನೆಯ ಬತೇರಿಗಳು; ಹೊರಗೆ ಮಲಪ್ರಭೆಯನ್ನು ತಡೆದ ನವಿಲುತೀರ್ಥದ ಅಣೆಕಟ್ಟು; ಗುಡ್ಡದ ಮೇಲೆ ಎಲ್ಲಮ್ಮ ತಾಯಿ. 'ಉಧೋ ಉಧೋ' ಎಂಬ ಕೂಗು, ಭಂಡಾರದ ಹಳದಿ. ದರ್ಶನ ಮುಗಿಸಿ ಕಟ್ಟೆಯ ನೆರಳಿನಲ್ಲಿ ಕುಳಿತಾಗ ಮಹಾಭಾರತದ ಒಂದು ಕಥೆ ನೆನಪಾಯಿತು. ಜಮದಗ್ನಿಯು ಬಾಣಗಳನ್ನು ಎಸೆದು ಅಭ್ಯಾಸ ಮಾಡುತ್ತಿದ್ದನಂತೆ. ಬಿದ್ದ ಬಾಣಗಳನ್ನು ರೇಣುಕೆಯು ಆರಿಸಿ ತರುತ್ತಿದ್ದಳಂತೆ. ನಡುಹಗಲಿನ ಬಿಸಿಲಿಗೆ ಅವಳ ತಲೆ ಕಾಲು ಸುಟ್ಟು ಮರದ ನೆರಳಿನಲ್ಲಿ ನಿಂತಳು. ಮುನಿಯು ಕೋಪಗೊಂಡು ಸೂರ್ಯನಿಗೇ ಬಾಣ ಹೂಡಿದಾಗ, ಸೂರ್ಯನು ಬಂದು ಕೊಡೆಯನ್ನೂ ಪಾದರಕ್ಷೆಯನ್ನೂ ಕೊಟ್ಟನಂತೆ. 'ನೋಡು ತಮ್ಮಾ, ಎಸೆದವನ ಹೆಸರಾಯಿತು. ಬಿಸಿಲಿನಲ್ಲಿ ಬಾಣ ಆರಿಸಿದವಳು ತಾಯಿ. ನಿನ್ನ ಗುರಿಯ ಹಿಂದೆ ಬಿಸಿಲು ತಿಂದವರು ಯಾರೆಂದು ಯೋಚಿಸಿರುವೆಯಾ?' ಎಂದೆವು. ಮೊದಲ ಪಿಸ್ತೂಲು ಕೊಳ್ಳುವುದಕ್ಕೆ ತಂದೆಯವರು ಕಾಲ ಕಾಲಕ್ಕೆ ಕೂಡಿಟ್ಟ ಹಣ ತೆಗೆದುಕೊಟ್ಟದ್ದನ್ನು ಹುಡುಗನು ತಾನಾಗಿಯೇ ಹೇಳಿದನು. ಅದು ನಮಗೆ ಅದುವರೆಗೆ ಗೊತ್ತಿರಲಿಲ್ಲ.

ಅಲ್ಲಿಂದ ರಾಮದುರ್ಗ. ಮಲಪ್ರಭೆಯ ದಂಡೆಯ ಈ ನೇಕಾರರ ಊರು ೧೯೪೮ರ ತನಕ ಭಾವೆ ಮನೆತನದ ಚಿಕ್ಕ ಸಂಸ್ಥಾನದ ರಾಜಧಾನಿ. ನರಗುಂದದ ಬಾಬಾಸಾಹೇಬನು ಇದೇ ಮನೆತನದ ಇನ್ನೊಂದು ಕವಲು. ರಾಮದುರ್ಗದ ಕಥೆಗೆ ಮುನ್ನುಡಿ ೧೮೫೭. ಆ ವರ್ಷದ ಬೆಂಕಿ ಹತ್ತಿದ್ದೇ ತೋಟೆಯಿಂದ: ಹೊಸ ಎನ್‌ಫೀಲ್ಡ್ ಬಂದೂಕಿನ ಕಾಗದದ ತೋಟೆಗೆ ಸವರಿದ ಕೊಬ್ಬು ಯಾವ ಪ್ರಾಣಿಯದೆಂಬ ಶಂಕೆ ಸಿಪಾಯಿಗಳಲ್ಲಿ ಹುಟ್ಟಿತು. ತೋಟೆ ಮಾಡಿದವರ ಮೇಲೆ ಅದನ್ನು ಹಲ್ಲಿನಿಂದ ಕಚ್ಚುವವರಿಗೆ ನಂಬಿಕೆ ಉಳಿಯಲಿಲ್ಲ. ಬಳಿಕ ಆಯುಧಗಳನ್ನು ಒಪ್ಪಿಸಬೇಕೆಂಬ ಕಾಯಿದೆ ಬಂದಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪದೆ ಹೋರಾಡಿದರು. ಅವರಲ್ಲಿ ಹತ್ತೊಂಬತ್ತು ಮಂದಿ ಗಲ್ಲಿಗೇರಿದರು. ೧೮೫೮ರ ಮೇ ೨೯ರ ರಾತ್ರಿ, ರಾಮದುರ್ಗಕ್ಕೆ ಸಮೀಪದ ಸುರೇಬಾನದಲ್ಲಿ ಇಳಿದುಕೊಂಡಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ನನ ಮೇಲೆ ಬಾಬಾಸಾಹೇಬನ ಜನರು ಬಿದ್ದರು. ನಿದ್ದೆಯಿಂದೆದ್ದ ಮ್ಯಾನ್ಸನ್ನನು ರಿವಾಲ್ವರು ಹಾರಿಸಿ ಒಬ್ಬನನ್ನು ಗಾಯಗೊಳಿಸಿದನೆಂದು ಹಳೆಯ ವೃತ್ತಾಂತಗಳು ಹೇಳುವವು. ಆದರೂ ಅವನು ಉಳಿಯಲಿಲ್ಲ. ಎರಡು ವಾರಗಳಲ್ಲಿ ಬಾಬಾಸಾಹೇಬನೂ ಬೆಳಗಾವಿಯಲ್ಲಿ ಗಲ್ಲಿಗೇರಿದನು. ಕೈಯಲ್ಲಿ ರಿವಾಲ್ವರಿದ್ದ ಮಾತ್ರಕ್ಕೆ ಮನುಷ್ಯನು ಸುರಕ್ಷಿತನಲ್ಲವೆಂಬುದಕ್ಕೆ ಸುರೇಬಾನವೇ ಸಾಕ್ಷಿ. ಇಂದು ಅಲ್ಲಿ ಯಾತ್ರಿಕರು ಶಬರಿಕೊಳ್ಳದ ದಾರಿ ಕೇಳುತ್ತ ಹೋಗುವರು.

ಹೊಳೆಯ ದಂಡೆಯಲ್ಲಿ ಕುಳಿತು ನಾವಿಬ್ಬರೂ ವ್ಯಾಜ್ಯವನ್ನು ಮುಗಿಸಿದೆವು. ಕಾಯಿದೆಯ ಮಾತು ಸ್ಪಷ್ಟವಿದೆ. ಮಿತಿಯೊಳಗಿನ ಗಾಳಿಯ ಪಿಸ್ತೂಲಿಗೆ ಪರವಾನಗಿ ಬೇಡ. ಮದ್ದಿನ ಪಿಸ್ತೂಲಿಗೆ ಬೇಕು. ೧೯೫೯ರ ಆಯುಧ ಕಾಯಿದೆಯಂತೆ ಪರವಾನಗಿಯಿಲ್ಲದೆ ತೋಟೆ ತಯಾರಿಸುವುದು ಅಪರಾಧ. ಆದುದರಿಂದ ಅಡಿಗೆಮನೆಯ ಪಕ್ಕದ ಕೋಣೆಯಲ್ಲಿ ಮದ್ದು ತೂಗುವ ಮಾತೇ ಇಲ್ಲ. ಹುಡುಗನು ತಾನಾಗಿಯೇ ಕಡಲೆಯನ್ನು ಬಿಟ್ಟು ತೊಗರಿಗೆ ಬಂದನು: ಮೊದಲು .೨೨. ಒದೆತ ಕಡಿಮೆ, ತೋಟೆಯ ಬೆಲೆ ಕಡಿಮೆ, ತುಂಬುವ ಪ್ರಶ್ನೆಯೇ ಇಲ್ಲ. ಕೈಯ ತಪ್ಪನ್ನು ಮದ್ದಿನ ಮೇಲೆ ಹಾಕುವ ನೆಪವೂ ಇಲ್ಲ. ಪಿಸ್ತೂಲು ಅಭ್ಯಾಸದ ಸಂಘದಲ್ಲಿಯೇ ಬೀಗದೊಳಗೆ ಇರತಕ್ಕದ್ದು. ಮುಂದೆ ದೊಡ್ಡ ಬೋರಿಗೆ ಹೋದರೂ, ತೋಟೆ ತುಂಬುವುದನ್ನು ಪರವಾನಗಿಯುಳ್ಳ ಸ್ಥಳದಲ್ಲಿ, ಬಲ್ಲವರ ಕಣ್ಣ ಮುಂದೆಯೇ ಕಲಿಯತಕ್ಕದ್ದು.

'ಇದನ್ನೆಲ್ಲ ನೀವೇ ಅಪ್ಪನಿಗೆ ಬರೆಯಿರಿ ಕಾಕಾ' ಎಂದನು.

'ಇಲ್ಲ. ನಾವು ಬರೆದರೆ ಅದು ಬೇರೆಯವರು ತುಂಬಿದ ತೋಟೆಯಾದೀತು' ಎಂದೆವು.

ಅವನು ನಕ್ಕನು. ರಾಮದುರ್ಗದ ಬಸ್ಸಿನ ನಿಲ್ದಾಣದಲ್ಲಿ ಬೆಂಚಿನ ಮೇಲೆ ಕುಳಿತು ಫೋನು ತೆಗೆದನು. ಹದಿನೈದು ದಿನಗಳ ಮೇಲೆ ತಂದೆಯವರೊಡನೆ ಮಾತನಾಡಿದನು. ನಾವು ದೂರ ಸರಿದು ನಿಂತುದರಿಂದ ಮಾತುಗಳು ಕೇಳಿಸಲಿಲ್ಲ. ಬಸ್ಸು ಬಂದು ನಿಂತು, ಜನ ಹತ್ತಿ, ಕಂಡಕ್ಟರು ಕೂಗುವ ತನಕವೂ ಅವರ ಮಾತು ಮುಗಿದಿರಲಿಲ್ಲ.