ಆಜಾದ್ ಉದ್ಯಾನದ ದರ್ಶನ



ಪ್ರಯಾಗಕ್ಕೆ ಹೋದವರು ತ್ರಿವೇಣಿ ಸಂಗಮದಲ್ಲಿ ಮಿಂದು ಹಿಂದಿರುಗುವುದು ವಾಡಿಕೆ. ತಾವು ಹೋದಾಗ ಕೊಂಚ ಬಿಡುವು ಮಾಡಿಕೊಂಡು ಊರ ನಡುವಿನ ಚಂದ್ರಶೇಖರ ಆಜಾದ್ ಉದ್ಯಾನವನ್ನೂ ಕಂಡು ಬನ್ನಿರಿ. ಅದೂ ಒಂದು ತೀರ್ಥವೆಂದೇ ನಮಗೆ ಅನ್ನಿಸಿತು.

ಸುಮಾರು 133 ಎಕರೆಯ ಈ ವನಕ್ಕೆ ಮೊದಲಿದ್ದ ಹೆಸರು ಆಲ್ಫ್ರೆಡ್ ಪಾರ್ಕ್. ವಿಕ್ಟೋರಿಯಾ ರಾಣಿಯ ಮಗನೊಬ್ಬನು 1870ರಲ್ಲಿ ಇಲ್ಲಿಗೆ ಬಂದುಹೋದುದರ ನೆನಪಿಗಾಗಿ ಇಟ್ಟ ಹೆಸರದು. ರಾಣಿಯ ಪ್ರತಿಮೆಗೆಂದು ಕಟ್ಟಿದ ಕಲ್ಲಿನ ಮಂಟಪ ಇಂದಿಗೂ ಇದೆ, ಪ್ರತಿಮೆ ಇಲ್ಲ. ಅದೇ ವನದಲ್ಲಿ ಇಂದು ಮೀಸೆ ತಿರುವುತ್ತ ನಿಂತವರು ಆಜಾದರು.

1906ರಲ್ಲಿ ಇಂದಿನ ಮಧ್ಯಪ್ರದೇಶದ ಭಾವರಾ ಗ್ರಾಮದ ಬಡ ಮನೆಯಲ್ಲಿ ಹುಟ್ಟಿದ ಚಂದ್ರಶೇಖರ ತಿವಾರಿ ಸಂಸ್ಕೃತ ಕಲಿಯಲೆಂದು ಕಾಶಿಗೆ ಬಂದ ಬಾಲಕ. ಪಾಠಶಾಲೆಯಲ್ಲಿ ಶಬ್ದರೂಪಗಳನ್ನು ಬಾಯಿಪಾಠ ಮಾಡಿದ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ಆ ಬದುಕು ಅಪರಿಚಿತವೇನಲ್ಲ. 1921ರ ಅಸಹಕಾರ ಚಳವಳಿಯಲ್ಲಿ ಸೆರೆಸಿಕ್ಕ ಹುಡುಗ ನ್ಯಾಯಾಧೀಶನೆದುರು ತನ್ನ ಹೆಸರು ‘ಆಜಾದ್’, ಅಂದರೆ ಸ್ವತಂತ್ರ, ಎಂದು ಹೇಳಿ 15 ಛಡಿಯೇಟು ತಿಂದನೆಂಬುದು ಪ್ರಸಿದ್ಧ.

1931ರ ಫೆಬ್ರವರಿ 27ರಂದು ಪೊಲೀಸರು ಈ ವನದಲ್ಲಿ ಅವರನ್ನು ಸುತ್ತುವರಿದರು. ಜೊತೆಗಿದ್ದ ಸುಖದೇವರಾಜರನ್ನು ಪಾರುಮಾಡಿ ಕಳುಹಿಸಿ, ಆಜಾದರು ಒಬ್ಬರೇ ಮರದ ಮರೆಯಿಂದ ಹೋರಾಡಿದರು. ಜೀವಂತ ಸೆರೆಸಿಕ್ಕಲೊಲ್ಲದೆ ಕಡೆಯ ಗುಂಡನ್ನು ತಮಗೇ ಹೊಡೆದುಕೊಂಡರು. ಆಗ ಅವರಿಗೆ 24 ವರ್ಷ. ಜನರು ಆ ಮರವನ್ನು ಪೂಜಿಸತೊಡಗಿದಾಗ ಸರಕಾರ ಅದನ್ನು ಕಡಿಸಿಹಾಕಿತೆಂದು ಹೇಳುತ್ತಾರೆ. ಅವರ ಪಿಸ್ತೂಲು ಉದ್ಯಾನದೊಳಗಿನ ಅಲಹಾಬಾದ್ ವಸ್ತುಸಂಗ್ರಹಾಲಯದಲ್ಲಿದೆ.

ದಯೆಯೇ ಧರ್ಮದ ಮೂಲವೆಂದು ನಂಬಿದವರು ಆಯುಧದ ಮುಂದೆ ಕೈಮುಗಿಯಬಹುದೆ? ಈ ಪ್ರಶ್ನೆ ನಮ್ಮನ್ನು ಅಲ್ಲಿ ಬಹಳ ಹೊತ್ತು ನಿಲ್ಲಿಸಿತು. ಹಿಂಸೆಯ ದಾರಿಯನ್ನು ನಾವು ಇಂದಿಗೂ ಒಪ್ಪಲಾರೆವು. ಆದರೂ ಸಂಗಾತಿಯನ್ನು ಮೊದಲು ಉಳಿಸಿ, ತಾನು ಹಿಂದೆ ನಿಂತವನ ಮನಸ್ಸಿನಲ್ಲಿ ದಯೆ ಇರಲಿಲ್ಲವೆಂದು ಹೇಗೆ ಹೇಳೋಣ? ಕೈಗಳು ತಾವಾಗಿ ಜೋಡಿದವು.

ಇನ್ನೊಂದು ಮಾತು. ದೀಕ್ಷೆಯ ದಿನ ನಮ್ಮಂಥವರಿಗೆ ಹೊಸ ಹೆಸರು ದೊರೆಯುತ್ತದೆ. ಹೆಸರು ಪಡೆಯುವುದು ಒಂದು ದಿನದ ಕೆಲಸ. ಅದಕ್ಕೆ ತಕ್ಕಂತೆ ನಡೆಯುವುದು ಆಯುಷ್ಯವೆಲ್ಲದರ ಕೆಲಸ. ಆ ಬಾಲಕ ತಾನೇ ಆರಿಸಿಕೊಂಡ ಹೆಸರನ್ನು ಹತ್ತು ವರ್ಷ ಹುಸಿಯಾಗಗೊಡಲಿಲ್ಲ.

ತಾವು ಹೋಗುವಾಗ ಮಕ್ಕಳನ್ನೂ ಕರೆದೊಯ್ಯಿರಿ. ಮೀಸೆ ತಿರುವುವ ಈತ ಯಾರೆಂದು ಅವರು ಕೇಳಿದರೆ, ಅವಸರಪಡದೆ ನಿಂತು ಹೇಳಿರಿ.