ಗಾಜಿನ ಕೆಳಗಿನವರು

ಕಿಟಕಿಯ ಗಾಜು ಒಡೆದಿತ್ತು. ಹೊಸದೊಂದನ್ನು ಅಳತೆಗೆ ಕೊಯ್ಯಿಸಿಕೊಂಡು ಬರೋಣವೆಂದು ಮೊನ್ನೆ ಅಂಗಡಿಗೆ ಹೋದೆ. ನನಗಿಂತ ಮೊದಲು ಬಂದಿದ್ದ ಹಿರಿಯರೊಬ್ಬರು ನಾಲ್ಕಡಿಗೆ ಎರಡಡಿ ಗಾಜು ಬೇಕು, ಮೂಲೆಗಳನ್ನು ದುಂಡಗೆ ಉಜ್ಜಿ ಕೊಡಬೇಕು ಎನ್ನುತ್ತಿದ್ದರು.

"ಡೈನಿಂಗ್ ಟೇಬಲ್ಲಿಗಾ ಸಾರ್?" ಎಂದ ಅಂಗಡಿಯ ಹುಡುಗ.

"ಅಲ್ಲಪ್ಪ, ಬರೆಯೋ ಮೇಜಿಗೆ."

"ಬರೆಯೋ ಮೇಜಿಗೆ ಗಾಜು ಯಾಕೆ? ಸನ್‌ಮೈಕಾ ಇರಲ್ವಾ?"

ಹಿರಿಯರು ನನ್ನತ್ತ ತಿರುಗಿದರು. ಆಫೀಸುಗಳಲ್ಲಿ ಸವೆದವರಿಗೆ ಸವೆದವರ ಗುರುತು ಸಿಗುತ್ತದೆ. "ಕೆಳಗೆ ಇಡೋದಕ್ಕೆ" ಎಂದು ಅವರ ಪರವಾಗಿ ನಾನೇ ಹೇಳಿದೆ. "ಏನನ್ನ?" ಎಂದ ಹುಡುಗ.

ಏನನ್ನ! ಅವನಿಗೆ ಗಿರಾಕಿಗಳು ಕಾಯುತ್ತಿದ್ದರು, ಇಲ್ಲದಿದ್ದರೆ ಅಲ್ಲೇ ಒಂದು ಸ್ಟೂಲು ಎಳೆದುಕೊಂಡು ಕೂತು ಹೇಳುತ್ತಿದ್ದೆ.

ನಾನು ಬ್ಯಾಂಕಿಗೆ ಸೇರಿದ್ದು ತೀರ್ಥಹಳ್ಳಿಯಲ್ಲಿ. ಒಂದೊಂದು ಮೇಜಿಗೂ ಹಸಿರು ಬನಾತು, ಅದರ ಮೇಲೆ ದಪ್ಪ ಗಾಜು, ಗಾಜಿನ ಮೇಲೆ ಬ್ಯಾಂಕಿನ ಸಾಮ್ರಾಜ್ಯ: ವೋಚರು, ಲೆಡ್ಜರು, ಗುಂಡುಸೂಜಿಯ ಡಬ್ಬಿ, ಫ್ಯಾನಿನ ಗಾಳಿಗೆ ಕಾಗದ ಹಾರದಂತೆ ಪೇಪರ್‌ವೇಟು. ಗಾಜಿನ ಕೆಳಗಿನದು ಮಾತ್ರ ನಮ್ಮದು. ಅಲ್ಲೂ ಅರಾಜಕತೆ ಇರಲಿಲ್ಲ. ಯಾರೂ ಬರೆದಿಡದ, ಆದರೆ ಎಲ್ಲರೂ ಪಾಲಿಸುತ್ತಿದ್ದ ಒಂದು ಕಾನೂನಿತ್ತು. ಬಡ್ಡಿ ದರದ ಪಟ್ಟಿ ಗಿರಾಕಿಯ ಕಡೆಗೆ ಮುಖ ಮಾಡಿರಬೇಕು. ದೇವರು, ಹೆಂಡತಿ, ಮಕ್ಕಳು ನಮ್ಮ ಕಡೆಗೆ. ದೇವರಿಗೆ ಎಡಗಡೆಯ ಮೇಲಿನ ಮೂಲೆ, ಏಕೆಂದರೆ ಚಹಾದ ಲೋಟ ಬಲಗಡೆ ಇಡುತ್ತಿದ್ದೆವು. ಶಿವಮೊಗ್ಗದ ಬಸ್ಸಿನ ವೇಳೆ, ಎಲ್ಐಸಿ ಕಂತಿನ ತಾರೀಕು, ರಾಹುಕಾಲದ ಕೋಷ್ಟಕ, ಇವು ಅಂಚಿಗೆ. ನಡುವಿನ ಜಾಗ ಖಾಲಿ. ಅಲ್ಲಿ ಏನಾದರೂ ಇಟ್ಟರೆ ಅಂಕಿ ಬರೆಯುವಾಗ ಕಣ್ಣು ತಪ್ಪಿಸುತ್ತದೆ ಎಂದು ಹಿರಿಯ ಗುಮಾಸ್ತರು ಮೊದಲ ವಾರವೇ ಹೇಳಿಕೊಟ್ಟಿದ್ದರು. ರಾಹುಕಾಲದ ಕೋಷ್ಟಕ ಖಾಸಗಿಯೋ ಕಚೇರಿಯದೋ ಎಂಬುದೊಂದು ಚರ್ಚೆಯ ವಿಷಯ. ಶುಕ್ರವಾರದ ರಾಹುಕಾಲ ಹತ್ತೂವರೆಗೆ ಶುರು, ನಮ್ಮ ಬಾಗಿಲು ತೆಗೆಯುವುದೂ ಹತ್ತೂವರೆಗೆ. ಹನ್ನೆರಡು ಹೊಡೆಯುವ ಮುಂಚೆ ಅಡಿಕೆ ಬೆಳೆಗಾರರು ಸಾಲದ ಪತ್ರಕ್ಕೆ ಸಹಿ ಹಾಕುತ್ತಿರಲಿಲ್ಲ, ನಮ್ಮ ಮ್ಯಾನೇಜರರೂ ಹಾಕಿ ಎನ್ನುತ್ತಿರಲಿಲ್ಲ. ಹಾಗಾಗಿ ಅದನ್ನು ಕಚೇರಿಯ ದಾಖಲೆ ಎಂದೇ ನಾನು ಪರಿಗಣಿಸಿದ್ದೇನೆ.

ವಿಶ್ವೇಶ್ವರಯ್ಯನವರ ಎರಡು ಮೇಣದಬತ್ತಿಗಳ ಕಥೆಯನ್ನು ಶಾಲೆಯಲ್ಲಿ ಕೇಳದ ಕನ್ನಡಿಗನಿಲ್ಲ. ಸರ್ಕಾರದ ಕೆಲಸ ಮುಗಿದ ಕೂಡಲೆ ಸರ್ಕಾರದ ಬತ್ತಿ ಆರಿಸಿ, ಸ್ವಂತ ಕಾಗದ ಬರೆಯಲು ಸ್ವಂತ ಬತ್ತಿ ಹಚ್ಚುತ್ತಿದ್ದರಂತೆ. ಮೇಷ್ಟರು ಅದನ್ನು ಹೇಳುವಾಗ ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದರು. ನನಗೆ ಆಗಲೂ ಒಂದು ಅನುಮಾನವಿತ್ತು: ಸರ್ಕಾರದ ಬತ್ತಿ ಉರಿಯುತ್ತಿರುವಾಗ ಮನೆಯ ನೆನಪು ಬಂದರೆ ದಿವಾನರು ಏನು ಮಾಡುತ್ತಿದ್ದರು? ಕೇಳಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು, ಕೇಳಲಿಲ್ಲ. ನಾವು ದಿವಾನರಲ್ಲ, ಗುಮಾಸ್ತರು. ನಮಗೆ ಒಂದೇ ಟ್ಯೂಬ್‌ಲೈಟು. ಮನೆಯನ್ನೂ ಕಚೇರಿಯನ್ನೂ ಬೇರ್ಪಡಿಸಲು ನಮಗಿದ್ದದ್ದು ಅರ್ಧ ಬೆರಳು ದಪ್ಪದ ಗಾಜು ಮಾತ್ರ. ಕಡತ ಹರಡಿದರೆ ಮನೆ ಮುಚ್ಚಿಹೋಗುತ್ತಿತ್ತು, ಕಡತ ವಿಲೇವಾರಿಯಾದರೆ ಮನೆ ಕಾಣುತ್ತಿತ್ತು. ಮಗಳ ಮುಖ ನೋಡಬೇಕೆಂಬ ಒಂದೇ ಆಸೆಗೆ ಬಾಕಿ ಕೆಲಸ ಮುಗಿಸುತ್ತಿದ್ದವರು ನಮ್ಮಲ್ಲಿದ್ದರು ಎಂದು ಹೇಳಿದರೆ ಅತಿಯಾಗಬಹುದು. ಆದರೂ ಹೇಳುತ್ತೇನೆ.

ಈ ಕಾನೂನಿಗೆ ಕುತ್ತು ಬರುತ್ತಿದ್ದದ್ದು ಇನ್‌ಸ್ಪೆಕ್ಷನ್ ಕಾಲದಲ್ಲಿ. ಒಬ್ಬ ಇನ್‌ಸ್ಪೆಕ್ಟರರು ಬಂದವರೇ ಮೇಜುಗಳ ಮಧ್ಯೆ ಸುತ್ತು ಹಾಕಿ ನಮ್ಮ ಹೆಡ್ ಕ್ಯಾಷಿಯರ್ ಎದುರು ನಿಂತರು. ಅವರ ಗಾಜಿನ ಕೆಳಗೆ ರಾಜಕುಮಾರ್.

"ಆಫೀಸಲ್ಲಿ ಸಿನಿಮಾದವರ ಪಟ ಹಾಕೋ ಹಾಗಿಲ್ಲ, ತೆಗೀರಿ."

ಹೆಡ್ ಕ್ಯಾಷಿಯರು ಎದ್ದು ನಿಂತರು. "ಸಾರ್, ಇದು ರಾಯರು."

ನಿಜವೇ. 1966ರ 'ಮಂತ್ರಾಲಯ ಮಹಾತ್ಮೆ'ಯ ಪಟ ಅದು: ಕಾವಿ, ಅಂಗಾರ ಅಕ್ಷತೆ, ಜಪಸರ. ಇನ್‌ಸ್ಪೆಕ್ಟರರು ಬಗ್ಗಿ ನೋಡಿದರು. ಮೂಗು ರಾಜಕುಮಾರರದು, ಅನುಮಾನವೇ ಇಲ್ಲ. ಆದರೆ ಕಾವಿಯುಟ್ಟ ರಾಯರನ್ನು ಎಬ್ಬಿಸಿ ಎಂದು ಹೇಳುವುದು ಹೇಗೆ? ಅದೂ ಗುರುವಾರ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಮುಂದಿನ ಮೇಜಿಗೆ ಹೋದರು. ಸಂಜೆ ಹೊರಡುವ ಮುಂಚೆ ಆ ಮೇಜಿನ ಹತ್ತಿರ ಬಂದು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಕೈ ಮುಗಿದರು ಎಂದು ಅಟೆಂಡರ್ ಆಣೆಯಿಟ್ಟು ಹೇಳುತ್ತಿದ್ದ. ರಾಯರಿಗೆ ಮುಗಿದರೋ ಅಣ್ಣಾವ್ರಿಗೋ ಎಂಬುದರ ಬಗ್ಗೆ ಶಾಖೆಯಲ್ಲಿ ಎರಡು ಪಕ್ಷಗಳಾದವು.

ನನ್ನ ಮೇಜಿನ ಕಥೆಯೇ ಬೇರೆ. ನನಗಿಂತ ಮೊದಲು ಅಲ್ಲಿ ಕೂತಿದ್ದವರಿಗೆ ಬಯಲುಸೀಮೆಗೆ ವರ್ಗವಾಗಿತ್ತು. ಹೊರಡುವ ದಿನ ಗಾಜು ಎತ್ತಿ ದೇವರನ್ನೂ ಬಸ್ಸಿನ ವೇಳೆಯನ್ನೂ ತೆಗೆದುಕೊಂಡರು. ಮಗಳ ಫೋಟೊ ಮಾತ್ರ ಬರಲಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಗೋಡೆಯೂ ಬೆವರುತ್ತದೆ, ಬಟ್ಟೆ ಗಂಜಿ ಹಾಕದೆಯೇ ಗಟ್ಟಿಯಾಗುತ್ತದೆ, ಪಾಸ್‌ಬುಕ್ಕಿಗೆ ಬೂಷ್ಟು ಹಿಡಿಯುತ್ತದೆ. ಫೋಟೊ ಗಾಜಿಗೆ ಕಚ್ಚಿಕೊಂಡಿತ್ತು. ಎಳೆದಾಗ ಕಾಗದ ಕೈಗೆ ಬಂತು, ಮಗು ಗಾಜಿನಲ್ಲೇ ಉಳಿಯಿತು. ಸ್ಟುಡಿಯೊದವರು ಬೆತ್ತದ ಕುರ್ಚಿಯಲ್ಲಿ ಕೂರಿಸಿ ಕೈಗೆ ಟೆಲಿಫೋನಿನ ರಿಸೀವರ್ ಕೊಟ್ಟು ತೆಗೆದ ಫೋಟೊ. ರಿಸೀವರ್ ಕಾಗದದ ಜೊತೆ ಬಯಲುಸೀಮೆಗೆ ಹೋಯಿತು. ಮಗು ಖಾಲಿ ಕೈಯನ್ನು ಕಿವಿಗೆ ಹಿಡಿದುಕೊಂಡು ನಮ್ಮ ಶಾಖೆಯಲ್ಲೇ ಕೂತಿತು. ಹಸಿರು ಬನಾತಿನ ಮೇಲೆ ಅದರ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ಒಂದು ಬಿಳಿ ಹಾಳೆ ತೂರಿಸಿದೆ, ಕಂಡಿತು. ಗಿರಾಕಿಗಳು "ನಿಮ್ಮ ಮಗಳಾ?" ಎನ್ನುತ್ತಿದ್ದರು. ಮದುವೆಯಾಗದ ನಾನು "ಅಲ್ಲ, ಟೇಬಲ್ಲಿನ ಜೊತೆ ಬಂದಿದ್ದು" ಎಂದರೆ ವಿಚಿತ್ರವಾಗಿ ನೋಡುತ್ತಿದ್ದರು. ಮೇಜಿನ ಕಾಲಿಗೆ ಬಿಳಿ ಬಣ್ಣದಲ್ಲಿ ನಂಬರು ಬರೆದು ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ ದಾಖಲಿಸಿದ್ದರು: ಮೇಜು ಒಂದು, ಗಾಜು ಒಂದು. ಮಗುವಿನ ದಾಖಲೆ ಎಲ್ಲೂ ಇರಲಿಲ್ಲ.

ಫೋಟೊ ಯಾಕೆ ಹೀಗೆ ಕಚ್ಚಿಕೊಳ್ಳುತ್ತದೆ ಎಂದು ಊರಿನ ಸ್ಟುಡಿಯೊದವರನ್ನು ಕೇಳಿದೆ. "ಅದು ಅಂಟೇ ಅಲ್ವಾ ಸಾರ್" ಎಂದರು. ಫೋಟೊದ ಬೆಳ್ಳಿ ಕೂತಿರುವುದು ಜೆಲಟಿನ್ ಎಂಬ ಅಂಟಿನ ಪದರದಲ್ಲಿ. ತೇವ ತಾಗಿದರೆ ಉಬ್ಬುತ್ತದೆ, ನುಣುಪಾದ ಗಾಜು ಸಿಕ್ಕರೆ ಅಪ್ಪಿಕೊಳ್ಳುತ್ತದೆ. ಒದ್ದೆ ಪ್ರಿಂಟನ್ನು ಹೊಳೆಯುವ ತಗಡಿಗೆ ಅದುಮಿ ಒಣಗಿಸಿ ಅವರು ಫೋಟೊಗೆ ಹೊಳಪು ಬರಿಸುತ್ತಿದ್ದದ್ದೂ ಇದೇ ಗುಣದಿಂದ. ಅವರ ಉತ್ತರ ಅಲ್ಲಿಗೆ ಮುಗಿಯಿತು. ನನ್ನ ಹುಚ್ಚು ಅಲ್ಲಿಂದ ಶುರುವಾಯಿತು.

ಜೆಲಟಿನ್ ಅಂದರೆ ದನದ ಚರ್ಮ, ಮೂಳೆ ಕುದಿಸಿ ತೆಗೆದ ಸಾರ. ಇದನ್ನು ಫೋಟೊಗೆ ತಂದವರು ರಿಚರ್ಡ್ ಲೀಚ್ ಮ್ಯಾಡಾಕ್ಸ್ ಎಂಬ ಇಂಗ್ಲಿಷ್ ವೈದ್ಯರು, 1871ರಲ್ಲಿ. ಅದಕ್ಕೂ ಮುಂಚಿನ ವಿಧಾನದಲ್ಲಿ ಬಳಸುತ್ತಿದ್ದ ಈಥರ್ ಆವಿ ಅವರ ಆರೋಗ್ಯಕ್ಕೆ ಒಗ್ಗುತ್ತಿರಲಿಲ್ಲ. ಅಮೆರಿಕದ ರೋಚೆಸ್ಟರಿನಲ್ಲಿ ಜಾರ್ಜ್ ಈಸ್ಟ್‌ಮನ್, ಮೊದಲು ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದವರು (ಇದನ್ನು ಓದಿದಾಗ ನನಗೆ ಅವರ ಮೇಲೆ ತಕ್ಷಣ ಮಮತೆ ಹುಟ್ಟಿತು), ಜೆಲಟಿನ್ ಬಳಿದ ಒಣ ಪ್ಲೇಟುಗಳ ಕಾರ್ಖಾನೆ ತೆರೆದರು. 1882ರಲ್ಲಿ ಅವರ ಪ್ಲೇಟುಗಳು ಇದ್ದಕ್ಕಿದ್ದಂತೆ ಕೈಕೊಟ್ಟವು. ಸೂತ್ರ ಅದೇ, ಕೆಲಸಗಾರರು ಅವರೇ, ಚಿತ್ರ ಮಾತ್ರ ಮೂಡುತ್ತಿರಲಿಲ್ಲ. ಮಾರಿದ್ದನ್ನು ವಾಪಸು ಪಡೆದರು, ಇಂಗ್ಲೆಂಡಿಗೆ ಹಡಗು ಹತ್ತಿದರು. ಕೊನೆಗೆ ಗೊತ್ತಾಯಿತು, ತಪ್ಪು ಜೆಲಟಿನ್ನಿನದು. ಒಂದು ಕಡೆಯ ಜೆಲಟಿನ್ ಬೆಳಕಿಗೆ ಚುರುಕು, ಇನ್ನೊಂದು ಕಡೆಯದು ಮಂದ. ಯಾಕೆ? ದಶಕಗಳ ಕಾಲ ಉತ್ತರವಿಲ್ಲ. ಅದೇ ಕಂಪನಿಯ ಪ್ರಯೋಗಾಲಯದ ಸ್ಯಾಮ್ಯುಯೆಲ್ ಶೆಪರ್ಡ್ 1925ರಲ್ಲಿ ಉತ್ತರ ಕೊಟ್ಟರು: ಸಾಸಿವೆ!

ಸಾಸಿವೆಯ ಘಾಟಿಗೆ ಕಾರಣವಾದ ಎಣ್ಣೆಯಲ್ಲಿ ಗಂಧಕವಿದೆ. ಸಾಸಿವೆ ಜಾತಿಯ ಗಿಡ ಮೇದ ಹಸುವಿನ ಮೈಗೆ ಅದು ಸೇರಿ, ಅಲ್ಲಿಂದ ಜೆಲಟಿನ್ನಿಗೆ ಬಂದು, ಬೆಳ್ಳಿಯ ಹರಳಿನ ಮೇಲೆ ಸಲ್ಫೈಡಿನ ಚುಕ್ಕೆಗಳಾಗಿ ಕೂರುತ್ತದೆ. ಆ ಚುಕ್ಕೆಗಳಿಂದಲೇ ಹರಳಿಗೆ ಬೆಳಕನ್ನು ಹಿಡಿಯುವ ಚುರುಕು. ಹಸುಗಳಿಗೆ ಸಾಸಿವೆ ರುಚಿಸದಿದ್ದರೆ ನಾವು ಸಿನಿಮಾ ನೋಡುತ್ತಲೇ ಇರಲಿಲ್ಲ ಎಂದು ಪ್ರಯೋಗಾಲಯದ ಮುಖ್ಯಸ್ಥರಾಗಿದ್ದ ಕೆನೆತ್ ಮೀಸ್ ತಮಾಷೆ ಮಾಡುತ್ತಿದ್ದರಂತೆ. ನನಗದು ತಮಾಷೆಯಾಗಿ ಕೇಳಿಸುವುದಿಲ್ಲ. ಯಾವುದೋ ದೇಶದ ಬೇಲಿಯಂಚಿನಲ್ಲಿ ಯಾವುದೋ ಹಸು ಖಾರದ ಗಿಡಕ್ಕೆ ಬಾಯಿ ಹಾಕಿದ್ದಕ್ಕೆ ತಾನೆ ನಮ್ಮ ಕಡೆಯ ಮದುವೆಗಳೆಲ್ಲ ಆಲ್ಬಮ್ಮಿನಲ್ಲಿ ಉಳಿದದ್ದು? ನಮ್ಮ ಶಾಖೆಯಲ್ಲಿ ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ಯಾರಾದರೊಬ್ಬರ ಮನೆಯಿಂದ ಅನಾನಸಿನ ಸಾಸ್ಮೆ ಬಂದೇ ಇರುತ್ತಿತ್ತು. ಮೂಗಿಗೇರುವ ಆ ಘಾಟಿಗೆ ಕಣ್ಣೊರೆಸಿಕೊಳ್ಳುತ್ತ ಈ ಕಥೆಯನ್ನು ಹೇಳಿದೆ. ಹೆಡ್ ಕ್ಯಾಷಿಯರು ಊಟ ನಿಲ್ಲಿಸಿ, "ಹಾಗಾದ್ರೆ ರಾಯರ ಪಟದಲ್ಲೂ ಮೂಳೆ ಇದೆಯೇನ್ರಿ?" ಎಂದರು. ಪುಣ್ಯಕ್ಕೆ ಅದು ಅಚ್ಚು ಹಾಕಿದ ಪಟ, ಫೋಟೊ ಅಲ್ಲ. ಬರೀ ಮಸಿ ಎಂದೆ. ಅವರು ಸಾಸ್ಮೆಗೆ ಮರಳಿದರು.

ಆ ಮೇಲೆ ಕಂಪ್ಯೂಟರುಗಳು ಬಂದವು, ಗಾಜುಗಳು ಹೋದವು. ಹುಡುಗರು ಕ್ಯೂಬಿಕಲ್ಲುಗಳಿಗೆ ಹೋದರು. ಅಮೆರಿಕದ ಹರ್ಮನ್ ಮಿಲ್ಲರ್ ಕಂಪನಿಗಾಗಿ ರಾಬರ್ಟ್ ಪ್ರಾಪ್ಸ್ಟ್ 1968ರಲ್ಲಿ ರೂಪಿಸಿದ ಪೀಠೋಪಕರಣದ ಕೂಸು ಅದು. ಕೆಲಸಗಾರ ತನ್ನ ಸುತ್ತಲಿನ ಗೋಡೆಯನ್ನು ತನಗೆ ಬೇಕಾದಂತೆ ಜೋಡಿಸಿಕೊಳ್ಳಲಿ ಎಂಬುದು ಪ್ರಾಪ್ಸ್ಟರ ಆಸೆ. ಕಂಪನಿಗಳು ಆಸೆ ಬಿಟ್ಟು ಗೋಡೆಯನ್ನಷ್ಟೇ ಇಟ್ಟುಕೊಂಡು ಒತ್ತೊತ್ತಾಗಿ ಡಬ್ಬಿ ಮಾಡಿದವು. ಬೆಂಗಳೂರಿನ ಹುಡುಗ ಹುಡುಗಿಯರು ಅದರ ಬಟ್ಟೆಯ ಗೋಡೆಗೂ ಪಿನ್ನು ಚುಚ್ಚಿ ಅಪ್ಪ ಅಮ್ಮನನ್ನು ತೂಗುಹಾಕಿದ್ದನ್ನು ನೋಡಿ ನನಗೆ ಸಮಾಧಾನವಾಗಿತ್ತು.

ಈಗ ಆ ಗೋಡೆಯೂ ಇಲ್ಲ. ನನ್ನ ತಂಗಿಯ ಮಗ ಹೊರವರ್ತುಲ ರಸ್ತೆಯ ಒಂದು ಕಂಪನಿಯಲ್ಲಿದ್ದಾನೆ. ಅಲ್ಲಿ ಯಾರಿಗೂ ತಮ್ಮದೇ ಎಂಬ ಮೇಜಿಲ್ಲ. ಬೆಳಿಗ್ಗೆ ಫೋನಿನಲ್ಲಿ ಒಂದು ಸೀಟು ಬುಕ್ ಮಾಡಬೇಕು, ಸಂಜೆ ಒಂದು ಚೀಟಿಯೂ ಉಳಿಯದಂತೆ ಬರಿದು ಮಾಡಿ ಎದ್ದು ಹೋಗಬೇಕು. ಉಳಿದರೆ ಮಾರನೆಯ ದಿನ ಮೇಲ್ ಬರುತ್ತದೆ. ಜೇ ಶಿಯಾಟ್ ಎಂಬ ಜಾಹೀರಾತು ಕಂಪನಿಯ ಯಜಮಾನರು ಲಾಸ್ ಏಂಜಲೀಸಿನ ತಮ್ಮ ಕಚೇರಿಯಲ್ಲಿ 1994ರ ಹೊತ್ತಿಗೇ ಇದನ್ನು ಮಾಡಿ ನೋಡಿದ್ದರು. ಮೇಜುಗಳನ್ನು ಕಿತ್ತುಹಾಕಿ ಫೋಟೊ ಗೀಟೊ ಇಡಲು ಒಂದೊಂದು ಲಾಕರು ಕೊಟ್ಟರು. ಜನ ಕಾಗದ ಪತ್ರಗಳನ್ನು ಕಾರಿನ ಡಿಕ್ಕಿಯಲ್ಲಿ ಇಟ್ಟುಕೊಳ್ಳತೊಡಗಿದರು. ಒಬ್ಬಾಕೆಯಂತೂ ಮಕ್ಕಳ ಆಟದ ಕೆಂಪು ಗಾಡಿಯಲ್ಲಿ ಸಾಮಾನು ಹೇರಿಕೊಂಡು ಕಚೇರಿಯೊಳಗೆ ಎಳೆದಾಡುತ್ತಿದ್ದರು. ಕೆಲವೇ ವರ್ಷಗಳಲ್ಲಿ ಆ ಪ್ರಯೋಗ ಮುಚ್ಚಿತು. ಆದರೂ ಬಾಡಿಗೆ ಉಳಿಯುತ್ತದೆ ಎಂದರೆ ಯಾವ ಕಂಪನಿಗೆ ಇತಿಹಾಸ ಬೇಕು?

ಇನ್ನೂ ಒಂದು ವಿಷಯ ತಂಗಿಯ ಮಗನಿಗೆ ಹೇಳಿದೆ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದ ಕ್ರೇಗ್ ನೈಟ್, ಅಲೆಕ್ಸ್ ಹ್ಯಾಸ್ಲಮ್ ಎಂಬಿಬ್ಬರು 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಬೋಳು ಕೋಣೆಯಲ್ಲಿ ಕೂತವರಿಗಿಂತ ಗಿಡ, ಚಿತ್ರಗಳಿದ್ದ ಕೋಣೆಯವರು ಚುರುಕಾಗಿ ಕೆಲಸ ಮಾಡಿದರು. ಅವನ್ನು ತಾವೇ ಜೋಡಿಸಿಕೊಂಡವರು ಇನ್ನೂ ಚುರುಕು. ನಾಲ್ಕನೆಯ ಗುಂಪಿನವರೂ ತಾವೇ ಜೋಡಿಸಿಕೊಂಡರು, ಆದರೆ ಸಂಶೋಧಕರು ಬಂದು ಎಲ್ಲವನ್ನೂ ಕದಲಿಸಿ ಬೇರೆ ರೀತಿ ಇಟ್ಟುಬಿಟ್ಟರು. ಆ ಗುಂಪಿನ ಚುರುಕೆಲ್ಲ ಇಳಿದುಹೋಯಿತು. ನಮ್ಮ ಇನ್‌ಸ್ಪೆಕ್ಟರರು ಅಂದು ರಾಯರನ್ನು ಎಬ್ಬಿಸಿದ್ದರೆ ಕ್ಯಾಷ್ ಟ್ಯಾಲಿ ಆಗುತ್ತಿರಲಿಲ್ಲ ಎಂಬುದಕ್ಕೆ ನನಗೆ ಬೇರೆ ಪುರಾವೆ ಬೇಕಿಲ್ಲ.

ಅವನು ನಕ್ಕ. ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದು ಮುಚ್ಚಳ ತೋರಿಸಿದ. ಮೈತುಂಬ ಸ್ಟಿಕರು: ಒಂದು ನಾಯಿ, ಕುದುರೆಮುಖದ ಚಾರಣದ್ದೊಂದು, ಆರ್‌ಸಿಬಿ, ನಡುವೆ ನಗುತ್ತಿರುವ ಅಪ್ಪು.

"ಕಂಪನಿ ಲ್ಯಾಪ್‌ಟಾಪಿಗೆ ಅಂಟಿಸಬಹುದೇನೋ?" ಎಂದೆ.

"ಇಲ್ಲ ಮಾವ, ಅಂಟಿಸೋ ಹಾಗಿಲ್ಲ. ಲ್ಯಾಪ್‌ಟಾಪ್ ಮೇಲೆ ನಾನೇನೂ ಅಂಟಿಸಿಲ್ಲ" ಎಂದು ಉಗುರಿನಿಂದ ಅಂಚು ಎಬ್ಬಿಸಿದ. ಇಡೀ ಮುಚ್ಚಳಕ್ಕೆ ಪಾರದರ್ಶಕ ಪ್ಲಾಸ್ಟಿಕ್ಕಿನ ಕವಚ. ಸ್ಟಿಕರುಗಳೆಲ್ಲ ಅದರ ಮೇಲೆ. "ಕವರ್ ನಂದು, ದುಡ್ಡು ಕೊಟ್ಟು ತಗೊಂಡಿದ್ದು. ಕೆಲಸ ಬಿಟ್ರೆ ಬಿಚ್ಕೊಂಡು ಹೋಗ್ತೀನಿ."

ಸದ್ಯ ಅವನಿಗಿರುವ ಚಿಂತೆ ಬೇರೆ. ಮುಂದಿನ ತಿಂಗಳು ಎಲ್ಲರಿಗೂ ಹೊಸ ಲ್ಯಾಪ್‌ಟಾಪ್ ಕೊಡುತ್ತಾರಂತೆ, 14 ಇಂಚಿನದು. ಕವರು 15ರದ್ದು. ಅಂಚು ಕೊಯ್ದರೆ ನಾಯಿಯ ಬಾಲ ಹೋಗುತ್ತದೆ, ಆರ್‌ಸಿಬಿಯ ಒಂದು ಅಕ್ಷರ ಹೋಗುತ್ತದೆ. ಅಪ್ಪುವಿಗೆ ಏನೂ ಆಗುವುದಿಲ್ಲ, ಅಳತೆ ಹಿಡಿದು ನೋಡಿಯಾಗಿದೆ.