50 ವಾಟಿನ ಶನಿವಾರ ರಾತ್ರಿ

ಪುಟ್ಟ ವಿಮಾನ, ಡ್ರೋನ್ ಹಾರಿಸುವವರು ಕೊಳ್ಳುವ ಅಗ್ಗದ ಚಾರ್ಜರಿನ ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ '6 ಆಂಪಿಯರ್' ಎಂದಿರುತ್ತದೆ. '50 ವಾಟ್' ಎಂಬುದು ಪಕ್ಕದಲ್ಲೆಲ್ಲೋ ಸಣ್ಣದಾಗಿ. ಕೊಳ್ಳುವಾಗ ಎಲ್ಲರೂ ಓದುವುದು ಮೊದಲನೆಯದನ್ನು. ಆಮೇಲೆ ಸಂಸಾರ ಮಾಡಬೇಕಾದದ್ದು ಎರಡನೆಯದರ ಜೊತೆ.

ಪುಣೆಯಲ್ಲಿ ಭಾನುವಾರ ಬೆಳಿಗ್ಗೆ ಸೇರುವ ನಮ್ಮ ಸಣ್ಣ ಗುಂಪಿಗೆ ಹೊಸಬರು ಬಂದಾಗಲೆಲ್ಲ ಒಂದೇ ದೂರು. 'ಐದು ಆಂಪಿಯರಿಗೆ ಸೆಟ್ ಮಾಡಿದ್ದೇನೆ, ಪರದೆಯ ಮೇಲೆ ಎರಡು ಚಿಲ್ಲರೆ ದಾಟುವುದಿಲ್ಲ. ಚಾರ್ಜರ್ ಕೆಟ್ಟಿದೆಯಾ, ಬ್ಯಾಟರಿ ಕೆಟ್ಟಿದೆಯಾ?' ಎರಡೂ ಕೆಟ್ಟಿರುವುದಿಲ್ಲ.

ಅಪಾರ್ಟ್‌ಮೆಂಟಿನಲ್ಲಿರುವವರಿಗೆ ಪಂಪಿನ ಉದಾಹರಣೆ ಸಾಕು. ಅದೇ ಒಂದು ಎಚ್‌ಪಿ ಪಂಪು ಎರಡನೇ ಮಹಡಿಯ ಟ್ಯಾಂಕಿಗೆ ಎತ್ತುವಷ್ಟು ನೀರನ್ನು ಆರನೇ ಮಹಡಿಗೆ ಎತ್ತಲಾರದು. ಎತ್ತರ ಹೆಚ್ಚಿದಷ್ಟೂ ಧಾರೆ ಸಣ್ಣ. ಇಲ್ಲಿ ಎತ್ತರವೆಂದರೆ ವೋಲ್ಟ್, ಧಾರೆಯೆಂದರೆ ಆಂಪಿಯರ್, ಎರಡರ ಗುಣಲಬ್ಧ ವಾಟ್. ಲಿಥಿಯಂ ಪಾಲಿಮರ್, ಅಂದರೆ ನಮ್ಮ ಬಾಯಲ್ಲಿ ಲೈಪೋ, ಒಂದು ಸೆಲ್ಲಿಗೆ 4.2 ವೋಲ್ಟ್‌ವರೆಗೆ ತುಂಬುತ್ತದೆ. ಮೂರು ಸೆಲ್ಲಿನ 2200 ಮಿಲಿಆಂಪಿಯರ್-ಅವರ್ ಬ್ಯಾಟರಿಯನ್ನು ಒಂದು ಗಂಟೆಯ ಲೆಕ್ಕದಲ್ಲಿ ತುಂಬಲು 12.6 ವೋಲ್ಟ್, 2.2 ಆಂಪಿಯರ್: ಸುಮಾರು 28 ವಾಟ್. ಸಣ್ಣ ಚಾರ್ಜರ್ ಆರಾಮಾಗಿ ಕೊಡುತ್ತದೆ. ಅದೇ ಆರು ಸೆಲ್ಲಿನ 5000 ಆದರೆ 25.2 ವೋಲ್ಟ್, 5 ಆಂಪಿಯರ್: 126 ವಾಟ್. ಇರುವುದು 50. ಹಾಗಾಗಿ ಸಿಗುವುದು ಎರಡು ಆಂಪಿಯರಿನ ಆಸುಪಾಸು. ಆ ಡಬ್ಬಿಯ ಮೇಲಿನ ಆರು ಆಂಪಿಯರ್ ಹೆಚ್ಚುಕಡಿಮೆ ಪೂರ್ತಿ ದಕ್ಕುವುದು ಎರಡು ಸೆಲ್‌ವರೆಗೆ ಮಾತ್ರ. ಸುಳ್ಳಲ್ಲ, ಆದರೆ ಸತ್ಯವನ್ನು ಹೇಳುವ ರೀತಿ ವ್ಯಾಪಾರಿಯದು.

ನಿಧಾನವಾಗಿ ತುಂಬಿದರೆ ಬ್ಯಾಟರಿಗೆ ತೊಂದರೆಯಿಲ್ಲ, ತಂಪಾಗಿರುತ್ತದೆ, ಒಳ್ಳೆಯದೇ. ತೊಂದರೆ ಆಗುವುದು ಮನುಷ್ಯರಿಗೆ. ಐದು ಸಾವಿರದ ಒಂದು ಬ್ಯಾಟರಿಗೆ ಎರಡೂವರೆ ಗಂಟೆ ಅಂದುಕೊಳ್ಳಿ. ಕೊನೆಯ ಹಂತದಲ್ಲಿ ಕರೆಂಟು ತಾನಾಗಿ ಇಳಿಯುತ್ತದೆ, ಸೆಲ್‌ಗಳನ್ನು ಸಮ ಮಾಡುವ ಕೆಲಸವೂ ಸೇರುತ್ತದೆ. ಭಾನುವಾರಕ್ಕೆ ನಾಲ್ಕು ಬ್ಯಾಟರಿ ಬೇಕೆಂದರೆ ಹತ್ತು ಗಂಟೆ. ಶನಿವಾರ ಸಂಜೆ ಏಳಕ್ಕೆ ಶುರುಮಾಡಿದವನು ಬೆಳಗಿನ ಐದರವರೆಗೆ ಎಚ್ಚರವಿರುತ್ತಾನೆಯೇ? ಮೂರನೆಯದನ್ನು ಚುಚ್ಚಿ ಮಲಗುತ್ತಾನೆ. ಲೈಪೋ ಬೆಂಕಿ ಹಿಡಿದರೆ ಊದಿ ಆರಿಸುವ ಬೆಂಕಿಯಲ್ಲ, ದಟ್ಟ ಹೊಗೆ ಬೇರೆ. ಒಂದು ಕೋಣೆಯ ಮನೆಯಲ್ಲಿ ಚಾರ್ಜರ್, ಹಾಸಿಗೆ, ಗ್ಯಾಸ್ ಸಿಲಿಂಡರ್ ಎಲ್ಲ ಎರಡು ಮಾರು ದೂರದಲ್ಲಿ. ಹಾಗಾಗಿ ವಾಟ್ ಎಂಬುದನ್ನು ನಾನು ವೇಗದ ಲೆಕ್ಕವೆಂದು ನೋಡುವುದೇ ಇಲ್ಲ, ಎಚ್ಚರವಿರಬಲ್ಲ ಹೊತ್ತಿನ ಲೆಕ್ಕವೆಂದು ನೋಡುತ್ತೇನೆ. ನನ್ನ ಮನೆಯಲ್ಲಿ ಬಾಲ್ಕನಿಯ ನೆಲದ ಟೈಲ್ಸ್ ಮೇಲೆ, ಕಣ್ಣೆದುರಿಗೆ. ದೀಪ ಆರಿದರೆ ಚಾರ್ಜರೂ ಆರುತ್ತದೆ, ಎಷ್ಟು ತುಂಬಿದ್ದರೆ ಅಷ್ಟು.

ನಾಲ್ಕನ್ನೂ ಒಂದೇ ಬೋರ್ಡಿಗೆ ಪ್ಯಾರಲಲ್ ಆಗಿ ಸಿಕ್ಕಿಸಿದರಾಯಿತಲ್ಲ ಎನ್ನುತ್ತಾರೆ. ಆಗಲೂ ಹಂಚಿಕೊಳ್ಳಬೇಕಾದದ್ದು ಅದೇ 50 ವಾಟ್. ಉಳಿಯುವುದು ಬದಲಾಯಿಸುವ ಶ್ರಮ ಮಾತ್ರ. ಒಂದು ಅರ್ಧ ತುಂಬಿ ಇನ್ನೊಂದು ಖಾಲಿಯಿದ್ದರೆ, ಚಾರ್ಜರನ್ನು ಕೇಳದೆಯೇ ಒಂದರಿಂದ ಇನ್ನೊಂದಕ್ಕೆ ಭಾರೀ ಕರೆಂಟು ನುಗ್ಗುತ್ತದೆ.

ದೊಡ್ಡ ಚಾರ್ಜರ್ ಕೊಳ್ಳುವುದು ಸರಿಯಾದ ದಾರಿ, ಆದರೆ ಅದಕ್ಕೆ ಉಣಿಸುವ ಅಡಾಪ್ಟರನ್ನೂ ನೋಡಿ. ಹಳೆಯ 12 ವೋಲ್ಟ್, 5 ಆಂಪಿಯರ್ ಅಡಾಪ್ಟರಿನಿಂದ ಬರುವುದೇ 60 ವಾಟ್, ಅದರಲ್ಲೂ ಸ್ವಲ್ಪ ಶಾಖವಾಗಿ ಸೋರುತ್ತದೆ. 200 ವಾಟಿನ ಚಾರ್ಜರನ್ನು ಅದಕ್ಕೆ ಕಟ್ಟಿದರೆ ವೋಲ್ಟೇಜ್ ಕುಸಿದು ಚಾರ್ಜರ್ ಕಿರುಚಿ ನಿಲ್ಲುತ್ತದೆ.

ಯಾರೂ ಕೇಳದ ಇನ್ನೊಂದು ಸಂಖ್ಯೆಯಿದೆ. ಹಾರಿಸದೆ ಉಳಿದ ಬ್ಯಾಟರಿಯನ್ನು ತುಂಬಿಟ್ಟರೆ ಅದು ಬೇಗ ಮುದಿಯಾಗುತ್ತದೆ, ಸೆಲ್ಲಿಗೆ 3.8 ವೋಲ್ಟಿನ ಆಸುಪಾಸಿಗೆ ಇಳಿಸಿಡಬೇಕು. ಈ ಸಣ್ಣ ಚಾರ್ಜರುಗಳು ಇಳಿಸುವಾಗ ಬರೀ 5 ವಾಟ್! ಆ ಆರು ಸೆಲ್ಲಿನದನ್ನು ಅರ್ಧಕ್ಕೆ ತರಲು ಹತ್ತು ಗಂಟೆಗೂ ಹೆಚ್ಚು, ಅದೂ ಒಂದಕ್ಕೆ. ಪುಣೆಯ ಜುಲೈಯಲ್ಲಿ ಭಾನುವಾರಗಳು ಮಳೆಗೆ ಹೋಗುವುದೇ ಹೆಚ್ಚು. ಹಾಗಾಗಿ ಆ ತಿಂಗಳು ಶನಿವಾರ ರಾತ್ರಿ ನಾನು ಮೊದಲು ನೋಡುವುದು ಆಕಾಶವನ್ನು, ಆಮೇಲೆ ಪ್ಲಗ್ಗನ್ನು.